ಕಾಯಿಸಿ ಆರಿಸಿದ ನೀರು ಎಲ್ಲ ಪ್ರಶ್ನೆಗೂ ಉತ್ತರವಲ್ಲ



ಪರೀಕ್ಷೆ ಹತ್ತಿರ ಬಂತು. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ನಾಲ್ಕು ತಾಲ್ಲೂಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕರಲ್ಲೂ ಹತ್ತನೇ ತರಗತಿ ಮಕ್ಕಳಿರುವ ಮನೆಗಳಲ್ಲಿ ಈಗ ನಸುಕಿಗೇ ದೀಪ ಹತ್ತುತ್ತಿದೆ. ಪಿಯುಸಿ ಓದುವವರ ಮನೆಯಲ್ಲೂ ಅಷ್ಟೇ. ಆ ಮಕ್ಕಳ ಜೊತೆ ಈ ಹೊತ್ತು ಒಂದೇ ವಿಷಯ ಮಾತಾಡಬೇಕೆಂದು ಬಂದಿದ್ದೇನೆ. ಜೀವಶಾಸ್ತ್ರದಲ್ಲಿ ಆರೋಗ್ಯದ ಮೇಲೆ, ರೋಗದ ಮೇಲೆ ಪ್ರಶ್ನೆ ಬಂದರೆ ಉತ್ತರ ಬರೆಯುವುದು ಹೇಗೆ? ಅಪ್ಪ ಅಮ್ಮಂದಿರೂ ಕೇಳಿ. ನಿಮ್ಮ ಮನೆಯ ಕುಡಿಯುವ ನೀರಿನ ವಿಷಯವೂ ಇದರಲ್ಲಿ ಬರುತ್ತದೆ.

ಮೊದಲು ಒಂದು ಉತ್ತರ ಓದುತ್ತೇನೆ. ಪ್ರಶ್ನೆ ಹೀಗಿದೆ ಎಂದುಕೊಳ್ಳಿ. "ಮಲೇರಿಯಾ ಹೇಗೆ ಬರುತ್ತದೆ? ವಿವರಿಸಿ. ಮೂರು ಅಂಕ." ಮಗು ಬರೆಯುತ್ತದೆ: "ಮಲೇರಿಯಾ ಸೊಳ್ಳೆಯಿಂದ ಬರುತ್ತದೆ. ಚಳಿಜ್ವರ ಬರುತ್ತದೆ. ಮಲೇರಿಯಾ ಬಹಳ ಭಯಂಕರವಾದ ರೋಗ. ಆದ್ದರಿಂದ ಎಲ್ಲರೂ ಸ್ವಚ್ಛತೆ ಕಾಪಾಡಬೇಕು. ಕಾಯಿಸಿ ಆರಿಸಿದ ನೀರು ಕುಡಿಯಬೇಕು."

ಐದು ವಾಕ್ಯ. ಕಾಗುಣಿತ ತಪ್ಪಿಲ್ಲ. ಅಕ್ಷರ ದುಂಡಗಿದೆ. ಆದರೂ ಮೂರಕ್ಕೆ ಮೂರು ಅಂಕ ಬರುವುದಿಲ್ಲ. ಒಂದು ಬಂದರೆ ಹೆಚ್ಚು. ಪರೀಕ್ಷಕರ ಮುಂದೆ ಮಾದರಿ ಉತ್ತರ ಇರುತ್ತದೆ. ಯಾವ ಅಂಶಕ್ಕೆ ಒಂದು ಅಂಕ, ಯಾವುದಕ್ಕೆ ಅರ್ಧ ಎಂದು ಅದರಲ್ಲಿ ಹಂಚಿರುತ್ತದೆ. "ಭಯಂಕರವಾದ ರೋಗ" ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಕೊನೆಯ ವಾಕ್ಯವಂತೂ ಮಲೇರಿಯಾಕ್ಕೆ ಸೇರಿದ್ದೇ ಅಲ್ಲ. ಕುಡಿಯುವ ನೀರಿನಿಂದ ಮಲೇರಿಯಾ ಬರುವುದಿಲ್ಲ.

ಕಾಯಿಸಿ ಆರಿಸಿದ ನೀರು. ಉತ್ತರ ಪತ್ರಿಕೆ ತಿದ್ದುವವರು ಈ ಮಾತನ್ನು ಪ್ರತಿ ವರ್ಷ ನೋಡುತ್ತಾರೆ. ಮಲೇರಿಯಾ ಕೇಳಿದರೂ ಅದೇ. ಕ್ಷಯ ಕೇಳಿದರೂ ಅದೇ. ಮಧುಮೇಹಕ್ಕೂ ಒಮ್ಮೊಮ್ಮೆ ಅದೇ. ಮಕ್ಕಳು ದಡ್ಡರಾಗಿ ಹೀಗೆ ಬರೆಯುತ್ತಾರೆ ಎಂದು ನಾನು ಒಪ್ಪುವುದಿಲ್ಲ. ರೋಗ ಎಂದರೆ ಲಕ್ಷಣ, ರೋಗ ಎಂದರೆ ಬುದ್ಧಿಮಾತು ಎಂದು ನಾವೇ ಅವರಿಗೆ ಅಭ್ಯಾಸ ಮಾಡಿಸಿದ್ದೇವೆ. ಲಕ್ಷಣ ಹೇಳಿಕೊಟ್ಟೆವು. ಬುದ್ಧಿಮಾತು ಹೇಳಿಕೊಟ್ಟೆವು. ಇವೆರಡರ ನಡುವೆ ಇರುವುದನ್ನು ಅವಸರದಲ್ಲಿ ದಾಟಿಸಿಬಿಟ್ಟೆವು. ನಡುವೆ ಇರುವುದು ಕಾರಣ. ಅಂಕ ಇರುವುದೂ ಅಲ್ಲೇ.

ಆದ್ದರಿಂದ ಮಕ್ಕಳೇ, ನನ್ನ ಮಾತು ಇಷ್ಟೇ. ರೋಗದ ಹೆಸರು ಕಂಡ ಕೂಡಲೇ ಪೆನ್ನು ಓಡಿಸಬೇಡಿ. ಇದು ಯಾತರಿಂದ ಬಂತು ಎಂದು ಒಂದು ಕ್ಷಣ ಕೇಳಿಕೊಳ್ಳಿ. ಅದು ದೇಹದೊಳಗೆ ಹೋದದ್ದು ಯಾವ ದಾರಿಯಿಂದ? ಒಳಗೆ ಹೋಗಿ ಯಾವ ಅಂಗವನ್ನು ಕೆಡಿಸಿತು? ಇಷ್ಟು ಗೊತ್ತಾದರೆ ಲಕ್ಷಣ ತಾನಾಗಿ ಬರುತ್ತದೆ. ತಡೆಯುವುದು ಹೇಗೆ ಎಂಬುದೂ ಅಲ್ಲಿಂದಲೇ ಹುಟ್ಟುತ್ತದೆ.

ಅದೇ ಮಲೇರಿಯಾವನ್ನು ಈಗ ಹೀಗೆ ಬರೆಯೋಣ. "ಮಲೇರಿಯಾಕ್ಕೆ ಕಾರಣ ಪ್ಲಾಸ್ಮೋಡಿಯಂ ಎಂಬ ಏಕಕೋಶ ಪರಜೀವಿ. ಸೋಂಕು ಹೊತ್ತ ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚಿದಾಗ ಅದು ನಮ್ಮ ರಕ್ತ ಸೇರುತ್ತದೆ. ಮೊದಲು ಯಕೃತ್ತಿನಲ್ಲಿ ಹೆಚ್ಚುತ್ತದೆ. ಆಮೇಲೆ ಕೆಂಪು ರಕ್ತಕಣಗಳನ್ನು ಹೊಕ್ಕು ಒಡೆಯುತ್ತದೆ. ಆಗ ಹೀಮೋಜಾಯಿನ್ ಎಂಬ ವಿಷವಸ್ತು ಹೊರಬಿದ್ದು ನಡುಕ, ಜೋರು ಜ್ವರ ಬರುತ್ತವೆ."

ಇದೂ ಐದೇ ವಾಕ್ಯ. ಆದರೆ ಒಂದೊಂದು ವಾಕ್ಯವೂ ಮುಂದಿನದನ್ನು ಕೈಹಿಡಿದು ಕರೆತರುತ್ತದೆ. ಸೊಳ್ಳೆ ರೋಗವನ್ನು ಹುಟ್ಟಿಸುವುದಿಲ್ಲ, ಹೊತ್ತು ತರುತ್ತದೆ. ಅದು ವಾಹಕ. ಪ್ಲಾಸ್ಮೋಡಿಯಂ ರೋಗಕಾರಕ. ಈ ಎರಡನ್ನು ಬೇರೆ ಮಾಡಿ ಬರೆದವರಿಗೆ ಅಂಕ ಕಡಿಮೆ ಮಾಡಲು ಯಾವ ಪರೀಕ್ಷಕರಿಗೂ ಆಗುವುದಿಲ್ಲ.

ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಸುಲಭಕ್ಕೆ ಸಿಕ್ಕಿದ್ದಲ್ಲ. ರೊನಾಲ್ಡ್ ರಾಸ್ ಎಂಬ ವೈದ್ಯರು ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂತಿದ್ದರು. ಕಾಲರಾ ತಡೆಯುವ ಕೆಲಸಕ್ಕೆ ಅವರು ಕೆಲಕಾಲ ನಮ್ಮ ಬೆಂಗಳೂರಿನಲ್ಲೂ ಇದ್ದರು. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಅವರಿಗೆ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಜೀವಿ ಕಂಡಿತು. ಅಲ್ಲಿಯವರೆಗೆ ಕೆಟ್ಟ ಗಾಳಿಯಿಂದ ಈ ಜ್ವರ ಬರುತ್ತದೆಂದು ನಂಬಿದವರೇ ಬಹಳ. ಕಾರಣ ಸಿಕ್ಕ ಮೇಲೆ ತಡೆಯುವ ದಾರಿಯೂ ಬದಲಾಯಿತು. ಜನ ಸೊಳ್ಳೆಯ ಹಿಂದೆ ಬಿದ್ದರು.

ಇಲ್ಲಿಯವರೆಗೆ ಹೇಳಿದ್ದು ಒಂದೇ ಮಾತು. ಲಕ್ಷಣದಿಂದ ಶುರು ಮಾಡಬೇಡಿ, ಕಾರಣದಿಂದ ಶುರು ಮಾಡಿ. ಇನ್ನು ನೀರಿಗೆ ಬರೋಣ. ನಮ್ಮ ಕಡೆಯ ಮಕ್ಕಳಿಗೆ ಇದು ಪುಸ್ತಕದಲ್ಲಿ ಮಾತ್ರ ಇರುವ ವಿಷಯವಲ್ಲ.

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಎಂಬ ಊರನ್ನೇ ತೆಗೆದುಕೊಳ್ಳಿ. ನೋಡದವರಿಗಾಗಿ ಹೇಳುತ್ತೇನೆ. ಬಯಲು ಸೀಮೆ. ಕಲ್ಲುಗುಡ್ಡಗಳು. ಕೆಂಪು ನೆಲ. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರದ ನೆಲ. ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ಮೊದಲು ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಸೌರ ಫಲಕಗಳ ಸಾಲು. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು, ಹೀಗೆ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಆ ಸೌರ ಪಾರ್ಕ್ ಹರಡಿದೆ. 2018ರಲ್ಲಿ ಅದರ ಉದ್ಘಾಟನೆ ಆಯಿತು. ಎರಡು ಸಾವಿರ ಮೆಗಾವ್ಯಾಟ್ ವಿದ್ಯುತ್ತಿನ ಊರುಗಳು ಇವು. ಬಿಸಿಲಿಗೆ ಇಲ್ಲಿ ಬರವಿಲ್ಲ. ಬರ ಇರುವುದು ನೀರಿಗೆ.

ಮಳೆ ಕಡಿಮೆ. ಕೆರೆ ತುಂಬುವುದು ಅಪರೂಪ. ಹಾಗಾಗಿ ಕೊಳವೆಬಾವಿ. ಮೇಲಿನ ನೀರು ಬತ್ತಿದಂತೆ ಇನ್ನೂ ಆಳಕ್ಕೆ ಕೊರೆಸಬೇಕು. ಕೆಳಗೆ ಇರುವುದು ಗಟ್ಟಿ ಬಂಡೆ. ಆ ಬಂಡೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಬಂಡೆಯ ಬಿರುಕುಗಳಲ್ಲಿ ಎಷ್ಟು ಕಾಲ ನಿಲ್ಲುತ್ತದೋ ಅಷ್ಟು ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಪಾವಗಡ ತಾಲ್ಲೂಕಿನ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಈ ಅಂಶ ಮಿತಿ ಮೀರಿದೆ. ಮಿತಿ ಎಂದರೆ ಎಷ್ಟು? ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಇದ್ದರೆ ಸರಿ ಎಂದು ಭಾರತೀಯ ಮಾನಕ ಹೇಳುತ್ತದೆ. ಬೇರೆ ನೀರು ಸಿಗದಿದ್ದರೆ ಒಂದೂವರೆವರೆಗೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೋಸಿಸ್ ಬರುತ್ತದೆ.

ಇದರ ಗುರುತು ಹಲ್ಲಿನಲ್ಲಿ ಮೊದಲು. ಹಲ್ಲಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಮಚ್ಚೆ. ಹೆಚ್ಚಾದರೆ ಅಡ್ಡಡ್ಡಕ್ಕೆ ಹಳದಿ ಇಲ್ಲವೆ ಕಂದು ಪಟ್ಟೆ. ಎದುರಿನ ಹಲ್ಲುಗಳಲ್ಲಿ ಎದ್ದು ಕಾಣುತ್ತದೆ. ನಗುವಾಗ ಕೈ ಅಡ್ಡ ಹಿಡಿಯುವ ಮಕ್ಕಳನ್ನು ನಮ್ಮ ಶಾಲೆಗಳಲ್ಲಿ ನೋಡಿದ್ದೇನೆ. ಗ್ರೂಪ್ ಫೋಟೊಗೆ ತುಟಿ ಬಿಗಿ ಹಿಡಿದು ನಿಲ್ಲುತ್ತಾರೆ. "ಸರಿಯಾಗಿ ಹಲ್ಲುಜ್ಜು" ಎಂದು ಅವರಿಗೆ ಬೈಯುವ ದೊಡ್ಡವರನ್ನೂ ನೋಡಿದ್ದೇನೆ. ಅವರಿಗೆ ನಾನು ಕೈಮುಗಿದು ಹೇಳುತ್ತೇನೆ, ಬೈಯಬೇಡಿ. ಆ ಪಟ್ಟೆ ಉಜ್ಜಿದರೆ ಹೋಗುವುದಿಲ್ಲ. ಅದು ಹಲ್ಲು ಹುಟ್ಟುವ ಮೊದಲೇ ಬಿದ್ದ ಗುರುತು. ಹಲ್ಲು ದವಡೆಯೊಳಗೆ ಇನ್ನೂ ರೂಪುಗೊಳ್ಳುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ, ನೀರಿನ ಫ್ಲೋರೈಡ್ ಹೆಚ್ಚಾದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ತಪ್ಪು ಮಗುವಿನದಲ್ಲ, ನೀರಿನದು.

ಮೂಳೆಗೆ ಹೋದರೆ ಕಷ್ಟ ಇನ್ನೂ ದೊಡ್ಡದು. ಕುತ್ತಿಗೆ ಬಿಗಿಯುತ್ತದೆ. ಸೊಂಟ, ಮೊಣಕಾಲು ನೋಯುತ್ತವೆ. ಬೆನ್ನು ಬಾಗದೆ ಸೆಟೆದುಕೊಳ್ಳುತ್ತದೆ. ಕೆಳಗೆ ಕೂತರೆ ಏಳಲಾಗದು. ಒಮ್ಮೆ ಮೂಳೆ ಹೀಗಾದರೆ ಮತ್ತೆ ಸರಿಮಾಡುವ ಔಷಧವಿಲ್ಲ. ಬರದಂತೆ ತಡೆಯಬಹುದು, ಅಷ್ಟೇ. ಕೇಂದ್ರ ಸರ್ಕಾರ 2008-09ರಿಂದ ಫ್ಲೋರೋಸಿಸ್ ತಡೆಗೆಂದೇ ರಾಷ್ಟ್ರೀಯ ಕಾರ್ಯಕ್ರಮ ನಡೆಸುತ್ತಿರುವುದು ಇದಕ್ಕೇ.

ಈಗ ಒಂದು ಪ್ರಶ್ನೆ. ಒಂದೇ ಮನೆಯ ಅಜ್ಜಿ, ಅಪ್ಪ, ಇಬ್ಬರು ಮಕ್ಕಳು, ಎಲ್ಲರಿಗೂ ಫ್ಲೋರೋಸಿಸ್ ಇದೆ. ಹಾಗಾದರೆ ಇದು ಅಂಟುರೋಗವೇ? ಬಹಳ ಮಕ್ಕಳು ಹೌದು ಎನ್ನುತ್ತಾರೆ. ಮನೆಮಂದಿಗೆಲ್ಲ ಬಂದಿದೆಯಲ್ಲ ಎನ್ನುತ್ತಾರೆ. ಕಾರಣ ನೋಡಿ. ಇಲ್ಲಿ ರೋಗಾಣು ಇಲ್ಲ. ಒಬ್ಬರಿಂದ ಒಬ್ಬರಿಗೆ ದಾಟುವ ವಸ್ತು ಇಲ್ಲ. ಎಲ್ಲರೂ ಒಂದೇ ಕೊಳವೆಬಾವಿಯ ನೀರು ಕುಡಿದರು. ಕಾರಣ ಒಂದೇ, ಆದ್ದರಿಂದ ಎಲ್ಲರಿಗೂ ಬಂತು. ಇದು ಅಸಾಂಕ್ರಾಮಿಕ ರೋಗ. ಹತ್ತನೇ ತರಗತಿಯಲ್ಲಿ ಫ್ಲೋರೋಸಿಸ್‌ಗೆ ಪ್ರತ್ಯೇಕ ಪಾಠವಿಲ್ಲ. ಆದರೂ ಸಾಂಕ್ರಾಮಿಕ, ಅಸಾಂಕ್ರಾಮಿಕ ವ್ಯತ್ಯಾಸ ಕೇಳಿದರೆ ಪಾವಗಡದ ಮಗು ಈ ಉದಾಹರಣೆ ಬರೆಯಲಿ ಎಂದು ನನ್ನಾಸೆ. ತನ್ನ ಊರಿನ ಉದಾಹರಣೆಯನ್ನು ಸರಿಯಾದ ಕಾರಣದೊಂದಿಗೆ ಬರೆದ ಉತ್ತರ ಗೈಡ್ ನೋಡಿ ಬರೆದ ಉತ್ತರಕ್ಕಿಂತ ಯಾವತ್ತೂ ಮೇಲು.

ಹಲ್ಲಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ನಿಮ್ಮ ವಿಜ್ಞಾನ ಪುಸ್ತಕದಲ್ಲಿ, ಆಮ್ಲ ಪ್ರತ್ಯಾಮ್ಲಗಳ ಪಾಠದಲ್ಲಿ, ದಂತಕ್ಷಯ ಬರುತ್ತದೆ. ಬಾಯಿಯ ಬ್ಯಾಕ್ಟೀರಿಯಾ ಹಲ್ಲಿಗೆ ಅಂಟಿದ ಸಕ್ಕರೆಯನ್ನು ಒಡೆದು ಆಮ್ಲ ಮಾಡುತ್ತದೆ. ಬಾಯಿಯ ಪಿಎಚ್ ಐದೂವರೆಗಿಂತ ಕೆಳಗಿಳಿದರೆ ಎನಾಮೆಲ್ ಸವೆಯುತ್ತದೆ. ಅಲ್ಲಿ ಕಾರಣ ಆಮ್ಲ. ಅಲ್ಲಿ ಹಲ್ಲುಜ್ಜಿದರೆ ಪ್ರಯೋಜನ ಉಂಟು. ಫ್ಲೋರೋಸಿಸ್‌ನಲ್ಲಿ ಕಾರಣ ಹೆಚ್ಚಾದ ಫ್ಲೋರೈಡ್. ಅಲ್ಲಿ ನೀರು ಬದಲಿಸಬೇಕು. ಒಂದೇ ಹಲ್ಲು, ಎರಡು ರೋಗ, ಎರಡು ಕಾರಣ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಾಕಬೇಡಿ. ಸ್ವಲ್ಪ ಪ್ರಮಾಣದ ಫ್ಲೋರೈಡ್ ದಂತಕ್ಷಯವನ್ನು ತಡೆಯುತ್ತದೆ ಎಂಬುದೂ ನಿಜ. ಟೂತ್‌ಪೇಸ್ಟಿನಲ್ಲಿ ಅದನ್ನು ಹಾಕುವುದು ಅದಕ್ಕೇ. ಪ್ರಮಾಣ ಮೀರಿದಾಗ ಅದೇ ವಸ್ತು ಕೇಡು ಮಾಡುತ್ತದೆ.

ಫ್ಲೋರೋಸಿಸ್‌ನ ಕಾರಣ ಹಿಡಿದ ಕಥೆ ನನಗೆ ಬಹಳ ಇಷ್ಟ. ವಿಜ್ಞಾನ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. 1901ರಲ್ಲಿ ಫ್ರೆಡರಿಕ್ ಮೆಕೆ ಎಂಬ ಯುವ ದಂತವೈದ್ಯರು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದರು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳ ಹಲ್ಲೆಲ್ಲ ಕಂದು. ಹಂದಿಮಾಂಸ ತಿನ್ನುವುದರಿಂದ ಎಂದರು ಕೆಲವರು. ಹಾಲು ಸರಿಯಿಲ್ಲ ಎಂದರು ಇನ್ನು ಕೆಲವರು. ಮೆಕೆ ಒಪ್ಪಲಿಲ್ಲ. ಊರೂರು ತಿರುಗಿದರು. 1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಎಂಬ ಸಣ್ಣ ಊರಿನ ಹೆತ್ತವರು ಅವರಿಗೆ ಒಂದು ಮಾತು ಹೇಳಿದರು. ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪು ಹಾಕಿದ ಮೇಲೆ ಮಕ್ಕಳ ಹಲ್ಲು ಹೀಗಾಯಿತು ಎಂದರು. ಮೆಕೆ ಆ ನೀರು ಪರೀಕ್ಷಿಸಿದರು. ಸಂಶಯದ ವಸ್ತು ಏನೂ ಸಿಗಲಿಲ್ಲ. ಆದರೂ ಆ ಪೈಪು ಬಿಟ್ಟುಬಿಡಿ ಎಂದು ಸಲಹೆ ಕೊಟ್ಟರು. ಊರಿನವರು ಬೇರೆ ಬುಗ್ಗೆಯ ನೀರು ತಂದರು. ಕೆಲವೇ ವರ್ಷಗಳಲ್ಲಿ ಆ ಊರಿನ ಸಣ್ಣ ಮಕ್ಕಳಿಗೆ ಬಂದ ಹೊಸ ಹಲ್ಲಿನಲ್ಲಿ ಕಲೆ ಇರಲಿಲ್ಲ.

ನೀರೇ ಕಾರಣ ಎಂದು ಗೊತ್ತಾಯಿತು. ನೀರಿನಲ್ಲಿರುವ ಯಾವುದು ಎಂದು ತಿಳಿಯಲು ಇನ್ನೂ ಎಂಟು ವರ್ಷ ಬೇಕಾಯಿತು. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್ ಅದು ಫ್ಲೋರೈಡ್ ಎಂದು ಕಂಡುಹಿಡಿದರು. ಒಟ್ಟು 30 ವರ್ಷದ ಹುಡುಕಾಟ. 1937ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಮೂಳೆಯ ಫ್ಲೋರೋಸಿಸ್ ಇದೆ ಎಂದು ಭಾರತದಿಂದ ಮೊದಲ ವರದಿ ಬಂತು. ಓಕ್ಲಿಯ ಹೆತ್ತವರ ಮಾತನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅವರು ಲಕ್ಷಣ ಹೇಳಿ ಸುಮ್ಮನಾಗಲಿಲ್ಲ. ಅದು ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಏನು ಬದಲಾಗಿತ್ತು ಎಂದು ಯೋಚಿಸಿದ್ದರು.

ಈಗ ಮೊದಲಿನ ಮಾತಿಗೆ ಬರುತ್ತೇನೆ. ಕಾಯಿಸಿ ಆರಿಸಿದ ನೀರು ಫ್ಲೋರೋಸಿಸ್‌ಗೆ ಮದ್ದೇ? ಅಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ. ಫ್ಲೋರೈಡ್ ಸಾಯುವ ವಸ್ತುವಲ್ಲ, ಆವಿಯಾಗಿ ಹೋಗುವುದೂ ಇಲ್ಲ. ಸಾರು ಕುದಿದಷ್ಟೂ ಉಪ್ಪು ಜಾಸ್ತಿಯಾಗುವಂತೆ, ನೀರು ಕುದಿದು ಇಂಗಿದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗುತ್ತದೆ. ಟೈಫಾಯಿಡ್‌ಗೆ ಸರಿಯಾದ ಉತ್ತರ ಇಲ್ಲಿ ತಪ್ಪು ಉತ್ತರ.

ಟೈಫಾಯಿಡ್‌ಗೆ ಅದು ಏಕೆ ಸರಿ? ಅಲ್ಲಿ ಕಾರಣ ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ. ಮಲಿನವಾದ ನೀರು, ಆಹಾರದ ಮೂಲಕ ಅದು ಸಣ್ಣ ಕರುಳಿಗೆ ಸೇರುತ್ತದೆ. ಅಲ್ಲಿಂದ ರಕ್ತದಲ್ಲಿ ಬೇರೆ ಅಂಗಗಳಿಗೆ ಹೋಗುತ್ತದೆ. ಬಿಡದ ಜ್ವರ, ಹೊಟ್ಟೆನೋವು, ನಿಶ್ಶಕ್ತಿ. ಖಚಿತಪಡಿಸಲು ವಿಡಾಲ್ ಪರೀಕ್ಷೆ ಎಂದು ಪಿಯುಸಿ ಪುಸ್ತಕ ಹೇಳುತ್ತದೆ. ಬ್ಯಾಕ್ಟೀರಿಯಾ ಜೀವಿ. ಕುದಿಸಿದರೆ ಸಾಯುತ್ತದೆ. ಅದಕ್ಕೇ ಕಾಯಿಸಿ ಆರಿಸಿದ ನೀರು. ಹೀಗೆ "ಏಕೆಂದರೆ" ಎಂದು ಸೇರಿಸಿ ಬರೆದಾಗ ಆ ವಾಕ್ಯಕ್ಕೆ ಅಂಕ ಬರುತ್ತದೆ.

ಫ್ಲೋರೋಸಿಸ್‌ಗಾದರೆ ನೀರನ್ನೇ ಬದಲಿಸಬೇಕು, ಇಲ್ಲವೇ ನೀರಿನಿಂದ ಫ್ಲೋರೈಡನ್ನು ತೆಗೆಯಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಆರ್‌ಒ ಪೊರೆ ಆ ಕೆಲಸ ಮಾಡುತ್ತದೆ. ಪಟಿಕ, ಸುಣ್ಣ ಹಾಕಿ ಫ್ಲೋರೈಡನ್ನು ತಳಕ್ಕೆ ಇಳಿಸುವ ವಿಧಾನವೂ ಇದೆ. ಅದು ತೆಲಂಗಾಣದ ನಲ್ಗೊಂಡ ಜಿಲ್ಲೆಯ ಹೆಸರಲ್ಲೇ ಪ್ರಸಿದ್ಧ. ಮಳೆನೀರು ಹಿಡಿದಿಟ್ಟರೆ ಅದರಲ್ಲಿ ಬಂಡೆಯ ಫ್ಲೋರೈಡ್ ಇರುವುದಿಲ್ಲ. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಕುಡಿಯುವ ನೀರಿನ ಯೋಜನೆಗೆ ನಮ್ಮ ಜನ ಇಷ್ಟು ವರ್ಷ ಕಾದದ್ದು ಸುಮ್ಮನೆ ಅಲ್ಲ. ತಾಯಂದಿರಲ್ಲಿ ಒಂದು ಬಿನ್ನಹ. ಘಟಕದ ನೀರನ್ನು ಕುಡಿಯಲು ಮಾತ್ರ ಇಟ್ಟು, ಅಡುಗೆಗೆ ಕೊಳವೆಬಾವಿಯ ನೀರನ್ನೇ ಬಳಸುವ ಮನೆಗಳಿವೆ. ಅನ್ನ, ಮುದ್ದೆ, ಸಾರಿನ ಮೂಲಕವೂ ಫ್ಲೋರೈಡ್ ಹೊಟ್ಟೆ ಸೇರುತ್ತದೆ. ಅಡುಗೆಗೂ ಒಳ್ಳೆಯ ನೀರೇ ಇರಲಿ, ಅದರಲ್ಲೂ ಸಣ್ಣ ಮಕ್ಕಳಿರುವ ಮನೆಯಲ್ಲಿ.

ಸರಿ. ಇದುವರೆಗೆ ಎರಡು ಬಗೆಯ ಕಾರಣ ನೋಡಿದೆವು. ರೋಗಾಣು ಒಂದು. ಯಾವುದೋ ವಸ್ತು ಅತಿಯಾಗುವುದು ಇನ್ನೊಂದು. ಉಳಿದವನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅವು ನಿಮ್ಮ ಪುಸ್ತಕದಲ್ಲಿ ಚೆನ್ನಾಗಿವೆ.

ಕೊರತೆಯೂ ರೋಗಕ್ಕೆ ಕಾರಣ. ಅಯೋಡಿನ್ ಸೇರಿಸಿದ ಉಪ್ಪನ್ನು ಏಕೆ ಬಳಸಬೇಕು? ಇದು ಹಳೆಯ ಪ್ರಶ್ನೆ, ಮತ್ತೆ ಮತ್ತೆ ಬರುತ್ತದೆ. "ಗಳಗಂಡ ರೋಗ ಬರದಂತೆ ತಡೆಯಲು" ಎಂದಷ್ಟೇ ಬರೆದರೆ ಅರ್ಧ ಉತ್ತರ. ಥೈರಾಯ್ಡ್ ಗ್ರಂಥಿ ಥೈರಾಕ್ಸಿನ್ ಹಾರ್ಮೋನು ತಯಾರಿಸಲು ಅಯೋಡಿನ್ ಬೇಕು. ಅದು ಸಾಲದಿದ್ದರೆ ಗ್ರಂಥಿ ಊದಿಕೊಳ್ಳುತ್ತದೆ. ಕತ್ತಿನ ಊತ ಕಾಣುತ್ತದೆ. ಇಷ್ಟು ಬರೆಯಿರಿ. ದೇಹದ ಕೆಲಸವೇ ಕುಂದುವುದು ಮತ್ತೊಂದು ಬಗೆ. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸಾಕಷ್ಟು ಬರದಿದ್ದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಅದಕ್ಕೇ ಕೆಲವು ಮಧುಮೇಹಿಗಳಿಗೆ ಇನ್ಸುಲಿನ್ ಚುಚ್ಚುಮದ್ದು. ಸಿಹಿ ತಿಂದದ್ದರಿಂದ ಮಧುಮೇಹ ಬಂತು ಎಂದು ಬರೆದರೆ ಪರೀಕ್ಷಕರು ಅಡ್ಡಗೆರೆ ಎಳೆಯುತ್ತಾರೆ.

ಇನ್ನೊಂದು ಮಾತು ಮನಸ್ಸಿಟ್ಟು ಕೇಳಿ. ಕಾರಣದ ಜಾಗದಲ್ಲಿ ಪಾಪ, ಶಾಪ, ದೇವರ ಸಿಟ್ಟು ಬರೆಯಬಾರದು. ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಿದೆ ಎಂದು ಮನೆಯ ಅಜ್ಜಿ ಬೇವಿನ ಸೊಪ್ಪು ಹಾಸುತ್ತಾರೆ. ಅವರ ಅಕ್ಕರೆಗೆ ನನ್ನ ನಮಸ್ಕಾರ. ಪತ್ರಿಕೆಯಲ್ಲಿ ಮಾತ್ರ, ಸಿಡುಬಿನಂಥ ಆ ಗುಳ್ಳೆಗೆ ಕಾರಣ ವೈರಸ್ ಎಂದು ಬರೆಯಿರಿ. ಕುಷ್ಠಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ. ನಾರ್ವೆಯ ಹ್ಯಾನ್ಸನ್ 1873ರಲ್ಲೇ ಅದನ್ನು ಕಂಡರು. ಕ್ಷಯದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ 1882ರಲ್ಲಿ ತೋರಿಸಿದರು. ಎರಡಕ್ಕೂ ಈಗ ಪೂರ್ತಿ ಗುಣವಾಗುವ ಔಷಧ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠ ಮತ್ತು ಕ್ಷಯ ರೋಗಿಗಳನ್ನು ದಶಕಗಳಿಂದ ಆರೈಕೆ ಮಾಡುತ್ತ ಬಂದಿದೆ. ಶಾಪ ಎಂದು ನಂಬಿ ಮನೆಯಿಂದ ಹೊರಗೆ ಹಾಕಿದ ಜನ ಔಷಧ ತಿಂದು ಗುಣವಾದದ್ದನ್ನು ಈ ತಾಲ್ಲೂಕು ಕಣ್ಣಾರೆ ಕಂಡಿದೆ. ಕಾರಣ ತಪ್ಪಾಗಿ ಬರೆದರೆ ಪತ್ರಿಕೆಯಲ್ಲಿ ಹೋಗುವುದು ಒಂದು ಅಂಕ. ಊರಿನಲ್ಲಿ ಕಾರಣ ತಪ್ಪಾಗಿ ತಿಳಿದರೆ ಒಬ್ಬ ಮನುಷ್ಯ ಬೀದಿಗೆ ಬೀಳುತ್ತಾನೆ.

ಕಾರಣ ಹುಡುಕುವುದು ಹೇಗೆ ಎಂದು ನೋಡಿದೆವು. ಇನ್ನು ಬರವಣಿಗೆಯ ವಿಷಯ. ಪ್ರಶ್ನೆಯ ಕೊನೆಯ ಪದ ಓದಿ. "ಹೆಸರಿಸಿ" ಎಂದರೆ ಹೆಸರು ಸಾಕು, ಕಥೆ ಬೇಡ. "ಕಾರಣ ಕೊಡಿ" ಎಂದರೆ ಲಕ್ಷಣ ಬರೆಯಬೇಡಿ. "ವ್ಯತ್ಯಾಸ ತಿಳಿಸಿ" ಎಂದರೆ ಎರಡು ಕಂಬಸಾಲು ಹಾಕಿ, ಎಡಕ್ಕೆ ಬರೆದ ಅಂಶಕ್ಕೆ ನೇರ ಎದುರಾದ ಅಂಶವನ್ನೇ ಬಲಕ್ಕೆ ಬರೆಯಿರಿ. ಎಡಕ್ಕೆ ರೋಗಕಾರಕ, ಬಲಕ್ಕೆ ಔಷಧ ಬರೆದರೆ ಅದು ವ್ಯತ್ಯಾಸ ಆಗುವುದಿಲ್ಲ. ವೈಜ್ಞಾನಿಕ ಹೆಸರು ಬರೆದರೆ ಅದರ ಎರಡು ಪದಕ್ಕೂ ಬೇರೆ ಬೇರೆಯಾಗಿ ಅಡಿಗೆರೆ ಎಳೆಯಿರಿ. ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ, ಉದ್ದ ವಾಕ್ಯದ ಹಂಬಲ ಬಿಡಿ. ಒಂದು ವಾಕ್ಯಕ್ಕೆ ಒಂದು ವಿಷಯ. ಸಣ್ಣ ವಾಕ್ಯದಲ್ಲಿ ತಪ್ಪು ನುಸುಳುವುದು ಕಷ್ಟ.

ಹತ್ತನೇ ತರಗತಿಯ ವಿಜ್ಞಾನಕ್ಕೆ 80 ಅಂಕ, ಮೂರೂ ಕಾಲು ಗಂಟೆ. ಅದರಲ್ಲಿ ಮೊದಲ 15 ನಿಮಿಷ ಪ್ರಶ್ನೆ ಓದಲು. ಆ ಕಾಲು ಗಂಟೆಯಲ್ಲಿ ಕಿಟಕಿಯಾಚೆ ನೋಡುತ್ತ ಕೂರಬೇಡಿ. ರೋಗದ ಪ್ರಶ್ನೆ ಎಲ್ಲಿದೆ ಹುಡುಕಿ, ಅದರ ಕಾರಣವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಪಾಸಿಂಗ್ ಪ್ಯಾಕೇಜ್ ಹಿಡಿದು ಓದುತ್ತಿರುವ ಮಕ್ಕಳಿಗೂ ಇದು ಸಾಧ್ಯ. ಹತ್ತು ರೋಗ ಆರಿಸಿಕೊಳ್ಳಿ. ಒಂದೊಂದರ ಕಾರಣ, ದಾರಿ, ಕೆಡುವ ಅಂಗ, ತಡೆಯುವ ಬಗೆ. ಇಷ್ಟನ್ನು ನೋಟ್‌ಬುಕ್ಕಿನ ಒಂದೇ ಹಾಳೆಯಲ್ಲಿ ಬರೆದಿಡಿ.

ಕೊನೆಗೆ ಒಂದು ಪ್ರಶ್ನೆ ಬಿಟ್ಟು ಹೋಗುತ್ತೇನೆ. ಇವತ್ತು ಸಂಜೆ ಕೂತು ಬರೆಯಿರಿ. "ಮಳೆಯೇ ಇಲ್ಲದ ಬೇಸಿಗೆಯಲ್ಲೂ ನೀರಿನ ಕೊರತೆಯಿರುವ ಊರುಗಳಲ್ಲಿ ಡೆಂಗಿ ಹರಡಬಹುದು. ಏಕೆ? ತಡೆಯುವುದು ಹೇಗೆ? ನಾಲ್ಕು ಅಂಕ."

ದಾರಿ ತೋರಿಸುತ್ತೇನೆ. ಡೆಂಗಿಗೆ ಕಾರಣ ವೈರಸ್, ಇದಕ್ಕೆ ಒಂದು ಅಂಕ. ಹೊತ್ತು ತರುವುದು ಈಡಿಸ್ ಸೊಳ್ಳೆ, ಅದು ಹಗಲು ಕಚ್ಚುತ್ತದೆ, ಇಲ್ಲಿ ಇನ್ನೊಂದು. ಈಗ ನಿಮ್ಮ ಊರನ್ನು ನೆನಪಿಸಿಕೊಳ್ಳಿ. ನಲ್ಲಿ ನೀರು ದಿನಬಿಟ್ಟು ದಿನ ಬರುತ್ತದೆ, ಒಮ್ಮೊಮ್ಮೆ ವಾರಕ್ಕೊಮ್ಮೆ. ಹಾಗಾಗಿ ಡ್ರಮ್ಮು, ತೊಟ್ಟಿ, ಕೊಡ ಎಲ್ಲ ತುಂಬಿಸಿಡುತ್ತೇವೆ. ಈಡಿಸ್ ಮೊಟ್ಟೆ ಇಡುವುದು ಇಂಥ ನಿಂತ, ತಿಳಿ ನೀರಿರುವ ಪಾತ್ರೆಗಳಲ್ಲೇ. ಈ ವಾಕ್ಯಕ್ಕೆ ಮೂರನೇ ಅಂಕ, ಇದೇ ಉತ್ತರದ ಹೃದಯ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು. ಆದ್ದರಿಂದ ಪಾತ್ರೆಗಳಿಗೆ ಬಿಗಿಯಾಗಿ ಮುಚ್ಚಳ ಹಾಕಿ, ವಾರಕ್ಕೊಮ್ಮೆ ಖಾಲಿ ಮಾಡಿ, ಒಳಬದಿ ಉಜ್ಜಿ ಒಣಗಿಸಬೇಕು. ಒಳಗೋಡೆಗೆ ಅಂಟಿದ ಮೊಟ್ಟೆ ಉಜ್ಜದೆ ಹೋಗುವುದಿಲ್ಲ. ಇಲ್ಲಿಗೆ ನಾಲ್ಕನೇ ಅಂಕ.

ಬರೆದದ್ದನ್ನು ನಾಳೆ ನಿಮ್ಮ ಮೇಷ್ಟ್ರಿಗೋ ಟೀಚರಿಗೋ ತೋರಿಸಿ. ಬರೆದು ಮುಗಿಸಿದ ಮೇಲೆ ಮನೆಯ ಡ್ರಮ್ಮಿನ ಮುಚ್ಚಳವನ್ನೂ ಒಮ್ಮೆ ನೋಡಿಬನ್ನಿ.